ಅಂದ್ಕೊಂಡಿದ್ದೊಂದು ಆಗಿದ್ದೊಂದು: ಇಂಥ ಟೈಮಲ್ಲಿ ದೇವರ ನಡೆಸುವಿಕೆಯನ್ನ ನಂಬೋದು ಹೇಗೆ

ಡಿಸೆಂಬರ್ 31ರ ರಾತ್ರಿ ವಾಚ್ ನೈಟ್ ಸರ್ವಿಸ್ ಮುಗಿದ ಮೇಲೆ ನಮ್ಮ ಕ್ರೈಸ್ತ ಸಭೆಗಳಲ್ಲಿ ಒಂದು ತಟ್ಟೇಲಿ ಬೈಬಲ್ ವಚನ ಬರೆದಿರೋ ವಾಗ್ದಾನದ ಕಾರ್ಡ್‌ಗಳನ್ನ ಇಟ್ಟು ಒಬ್ಬೊಬ್ರಿಗೂ ಒಂದೊಂದು ತಗೊಳ್ಳಿ ಅಂತಾರಲ್ಲ, ಅದ್ರಲ್ಲಿ ಯೆರೆಮೀಯ 29:11 ಸಿಕ್ಕವ್ರ ಮುಖ ನೋಡ್ಬೇಕು, ಆ ವರ್ಷದ ಕಥೆ ಅಲ್ಲಿಗೇ ಸೆಟಲ್ ಆಯ್ತು ಅನ್ನೋ ಖುಷಿ. ನಿಮ್ಮ ಬಗ್ಗೆ ನನಗಿರೋದು ಹಿತದ ಯೋಚನೆ, ಅಹಿತದ್ದಲ್ಲ, ನಿಮಗೆ ನಿರೀಕ್ಷೆ ಇದೆ ಅಂತ ದೇವರು ಹೇಳೋ ವಚನ ಅದು. ಫ್ರಿಜ್ ಮೇಲೆ ಅಂಟಿಸ್ತೀವಿ, ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ತೀವಿ, ಅತ್ತಿಗೆಗೆ ಫಾರ್ವರ್ಡ್ ಮಾಡ್ತೀವಿ. ಆಮೇಲೆ ಮಾರ್ಚ್ ತಿಂಗಳಲ್ಲಿ ಕಂಪನಿಯವ್ರು ಲೇಆಫ್ ಮಾಡ್ತಾರೆ, ಇಲ್ಲಾ ನಿಶ್ಚಿತಾರ್ಥ ಆಗಿದ್ದ ಸಂಬಂಧ ಮುರಿದು ಬೀಳತ್ತೆ, ಇಲ್ಲಾ ಡಾಕ್ಟ್ರು ಸ್ಕ್ಯಾನ್ ರಿಪೋರ್ಟ್ ಇಟ್ಕೊಂಡು ಮನೆಯವ್ರನ್ನ ಕರ್ಕೊಂಡ್ಬನ್ನಿ ಅಂತಾರೆ.

ಆ ಮಾರ್ಚ್‌ನಲ್ಲಿ ಸಿಕ್ಕಾಕೊಂಡಿರೋವ್ರಿಗೆ ಬರೀತಿರೋದು ಇದು. ನಂಬ್ಕೆ ಇಡಿ ಬ್ರದರ್, ಎಲ್ಲಾ ಸರಿ ಹೋಗತ್ತೆ ಅಂತ ಹೇಳೋಕೆ ಜನ ಬೇಕಾದಷ್ಟಿದಾರೆ, ಆದ್ರೆ ನಂಬ್ಕೆ ಇಡೋದು ಅಂದ್ರೆ ಸೋಮವಾರ ಬೆಳಗ್ಗೆ ಎದ್ದು ಏನ್ ಮಾಡ್ಬೇಕು ಅನ್ನೋದನ್ನ ಯಾರೂ ಹೇಳಲ್ಲ. ನನಗೆ ತಿಳಿದಿದ್ದು, ಬೇರೆಯವ್ರು ಮಾಡಿದ್ದು ನೋಡಿ ಕಲ್ತಿದ್ದು, ಬೈಬಲ್‌ನಲ್ಲಿ ಇರೋದು, ಎಲ್ಲಾ ಸೇರ್ಸಿ ಹೇಳ್ತೀನಿ. ಆರ್ಡರ್‌ನಲ್ಲೇ ಮಾಡ್ಬೇಕು ಅಂತೇನಿಲ್ಲ, ಮೊದಲನೇದನ್ನ ಮಾತ್ರ ದಯವಿಟ್ಟು ಸ್ಕಿಪ್ ಮಾಡ್ಬೇಡಿ.

ಮೊದ್ಲು, ಆ ಕಾರ್ಡ್ ಬಂದಿರೋ ಪತ್ರಾನ ಪೂರ್ತಿ ಓದಿ

ಯೆರೆಮೀಯ 29 ಒಂದು ಪತ್ರ. ಪ್ರವಾದಿ ಯೆರೆಮೀಯ ಬರೆದಿದ್ದು ಯೆರೂಸಲೇಮಿಂದ, ಕಳ್ಸಿದ್ದು ಬಾಬೆಲ್‌ಗೆ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲ್‌ನ ಅರಸ ನೆಬೂಕದ್ನೆಚ್ಚರ ಯೆಹೂದ್ಯರ ರಾಜನನ್ನ, ಅರಮನೆಯವ್ರನ್ನ, ಬಡಗಿಗಳು ಕಮ್ಮಾರರನ್ನ ಎಲ್ಲಾ ಸೆರೆ ಹಿಡ್ಕೊಂಡು ಹೋಗಿದ್ದ. ಆ ಜನಕ್ಕೆ ಒಂದೇ ಪ್ರಶ್ನೆ, ಊರಿಗೆ ಯಾವಾಗ ವಾಪಸ್ ಹೋಗೋದು.

ಹಿಂದಿನ ಅಧ್ಯಾಯ, 28, ಅದನ್ನೂ ಓದ್ಬೇಕು, ಅಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ ಬರ್ತಾನೆ. ದೇವಾಲಯದಲ್ಲಿ ಯಾಜಕರು ಜನ ಎಲ್ಲಾ ಸೇರಿದ್ದಾಗ ನಿಂತ್ಕೊಂಡು, ಇನ್ನು ಎರಡೇ ವರ್ಷ, ಸೆರೆ ಹೋದವ್ರೆಲ್ಲಾ ವಾಪಸ್ ಬರ್ತಾರೆ, ಇದು ಯೆಹೋವನ ಮಾತು ಅಂತ ಘೋಷಣೆ ಮಾಡ್ತಾನೆ. ಯೆರೆಮೀಯ ಆಗ ದೇವರು ಹೇಳಿದ್ರು ಅಂತ ಕುತ್ತಿಗೆ ಮೇಲೆ ಒಂದು ಮರದ ನೊಗ ಹಾಕ್ಕೊಂಡು ಓಡಾಡ್ತಿದ್ದ, ಬಾಬೆಲ್‌ಗೆ ತಲೆ ಬಾಗಿಸ್ಬೇಕು ಅನ್ನೋದಕ್ಕೆ ಗುರುತಾಗಿ, ಹನನ್ಯ ಅದನ್ನ ಎಲ್ಲರ ಎದುರಿಗೇ ಕಿತ್ತು ಮುರಿದು ಹಾಕ್ತಾನೆ. ನೀವು ಅಲ್ಲಿದ್ದಿದ್ರೆ ಯಾರಿಗೆ ಆಮೆನ್ ಹೇಳ್ತಿದ್ರಿ? ನಾನಂತೂ ಹನನ್ಯನಿಗೇ ಹೇಳ್ತಿದ್ದೆ ಅನ್ಸತ್ತೆ. ತಮಾಷೆ ಏನಂದ್ರೆ ಯೆರೆಮೀಯನೂ ಮೊದ್ಲು ಆಮೆನ್, ಹಾಗೇ ಆಗ್ಲಿ ಅಂತಾನೆ. ಹಾಗಾದ್ರೆ ಅವ್ನಿಗೂ ಖುಷೀನೇ. ಆದ್ರೆ ದೇವರು ಹಾಗೆ ಹೇಳಿರ್ಲಿಲ್ಲ. ಐದನೇ ತಿಂಗಳಲ್ಲಿ ಈ ಮಾತು ಆಡಿದ ಹನನ್ಯ ಅದೇ ವರ್ಷ ಏಳನೇ ತಿಂಗಳಲ್ಲಿ ಸತ್ತ.

ಇದಾದ ಮೇಲೆ ಬರೋದೇ ಆ ಪತ್ರ. ಅದ್ರಲ್ಲಿ 11ನೇ ವಚನಕ್ಕಿಂತ ಮುಂಚೆ 10ನೇ ವಚನ ಇದೆ, 70 ವರ್ಷ ಆದ ಮೇಲೆ ಬರ್ತೀನಿ ಅಂತ. 70 ವರ್ಷ! ಪತ್ರ ಓದಿಸ್ಕೊಂಡು ಕೇಳ್ತಿದ್ದ ದೊಡ್ಡವ್ರಲ್ಲಿ ಹೆಚ್ಚಿನೋರು ಬಾಬೆಲ್‌ನಲ್ಲೇ ಮಣ್ಣಾಗ್ತಾರೆ ಅಂತ ಅರ್ಥ. ಅದಕ್ಕೂ ಮುಂಚೆ 5ರಿಂದ 7, ಮನೆ ಕಟ್ಕೊಳ್ಳಿ, ತೋಟ ಮಾಡಿ, ಅದ್ರಲ್ಲಿ ಬೆಳೆದದ್ದು ತಿನ್ನಿ, ಮಕ್ಕಳಿಗೆ ಮದ್ವೆ ಮಾಡಿ, ನಿಮ್ಮನ್ನ ಸೆರೆ ಒಯ್ದಿರೋ ಆ ಪಟ್ಟಣಕ್ಕೋಸ್ಕರಾನೇ ಪ್ರಾರ್ಥನೆ ಮಾಡಿ ಅಂತ. ಇಷ್ಟೆಲ್ಲಾ ಹೇಳಿ ಆಮೇಲೆ ಹಿತದ ಯೋಚನೆ. ಅಂದ್ರೆ ಆ ವಚನ ಸುಳ್ಳಲ್ಲ, ಕಾರ್ಡ್ ಕೊಟ್ಟೋರ ತಪ್ಪೂ ಇಲ್ಲ, ನಾವು ಅದನ್ನ ಹನನ್ಯನ ದನಿಯಲ್ಲಿ ಓದ್ತಿದೀವಿ ಅಷ್ಟೆ.

ಹಾಗಾಗಿ ನಿಮ್ಮ ಕೈಲಿರೋ ವಾಗ್ದಾನದ ವಚನ ಯಾವುದೇ ಇರ್ಲಿ, ಅದ್ರ ಹಿಂದಿನ ಒಂದು ಅಧ್ಯಾಯ ಮುಂದಿನ ಒಂದು ಅಧ್ಯಾಯ ಓದಿ. ಯಾರಿಗೆ ಹೇಳಿದ್ದು, ಯಾವ ಪರಿಸ್ಥಿತೀಲಿ ಹೇಳಿದ್ದು, ಆ ಜನಕ್ಕೆ ಅದು ಯಾವಾಗ ನೆರವೇರ್ತು. ಅರ್ಧ ಗಂಟೆ ಸಾಕು. ಎಷ್ಟೋ ಜನರ ಕೋಪ ಅರ್ಧಕ್ಕರ್ಧ ಇಲ್ಲೇ ಇಳಿಯತ್ತೆ, ಯಾಕಂದ್ರೆ ದೇವರು ಮಾತು ತಪ್ಪಿದ್ರು ಅಂತ ಅನ್ಕೊಂಡಿದ್ದು ಅವ್ರು ಕೊಡದೇ ಇದ್ದ ಮಾತಿನ ಬಗ್ಗೆ.

ಆಮೇಲೆ ಒಂದು ನೋಟ್‌ಬುಕ್, ಎರಡು ಕಾಲಮ್

ಮಕ್ಕಳ ಹಳೇ ನೋಟ್‌ಬುಕ್ ಆದ್ರೂ ಪರ್ವಾಗಿಲ್ಲ. ಎಡಗಡೆ ನಾನು ಅಂದ್ಕೊಂಡಿದ್ದು ಅಂತ ಬರೀರಿ, ಬಲಗಡೆ ದೇವರು ಹೇಳಿದ್ದು ಅಂತ. ಎಡಗಡೆ ತುಂಬಿಸೋದು ಸುಲಭ. ನಮ್ಮ ಸಭೇಲಿ ಒಬ್ಳು ಹುಡುಗಿ, ಬಿಎಸ್ಸಿ ನರ್ಸಿಂಗ್ ಮುಗ್ಸಿ ಇಂಗ್ಲಿಷ್ ಪರೀಕ್ಷೇನೂ ಪಾಸ್ ಮಾಡಿ ಹೊರದೇಶಕ್ಕೆ ಹೋಗೋಕೆ ಪೇಪರ್ ಎಲ್ಲಾ ರೆಡಿ ಇದ್ದಾಗ ಅವ್ರಪ್ಪನಿಗೆ ಸ್ಟ್ರೋಕ್ ಆಯ್ತು, ಎಡಗೈ ಎಡಗಾಲು ಬಿದ್ದೋಯ್ತು, ಮನೇಲಿ ನೋಡ್ಕೊಳ್ಳೋಕೆ ಬೇರೆ ಯಾರೂ ಇಲ್ಲ. ಅವ್ಳು ಬರೆದ ಎಡ ಕಾಲಮ್ ಹೀಗಿತ್ತು: ಈ ವರ್ಷ ಹೋಗ್ತೀನಿ. ಎರಡು ವರ್ಷದಲ್ಲಿ ಎಜುಕೇಷನ್ ಲೋನ್ ತೀರ್ಸ್ತೀನಿ. ಮನೆಗೆ ಮೋಲ್ಡ್ ಹಾಕ್ಸ್ತೀನಿ. ತಂಗಿ ಮದ್ವೆ ನಾನೇ ಮಾಡ್ತೀನಿ. ಇಷ್ಟು ಪ್ರಾರ್ಥನೆ ಮಾಡಿ ಓದಿದೀನಲ್ಲ, ದೇವರು ಮಧ್ಯದಲ್ಲಿ ಕೈ ಬಿಡಲ್ಲ.

ಒಂದೂ ಕೆಟ್ಟ ಆಸೆ ಅಲ್ಲ ಗಮನಿಸಿ. ಆಸೆ ಪಟ್ಟಿದ್ದಕ್ಕೆ ಶಿಕ್ಷೆ ಅಂತ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ.

ಬಲಗಡೆ ಕಾಲಮ್‌ಗೆ ಟೈಮ್ ಬೇಕು. ಅಲ್ಲಿ ಬರೆಯೋದು ಪ್ರತಿಯೊಬ್ಬ ವಿಶ್ವಾಸಿಗೂ ಕೊಟ್ಟಿರೋ ಮಾತು ಮಾತ್ರ. ಲೋಕದ ಕೊನೇ ತನಕ ನಿಮ್ಮ ಜೊತೆ ಇರ್ತೀನಿ ಅನ್ನೋದು ಮತ್ತಾಯ 28ರ ಕೊನೇ ವಚನ. ಬುದ್ಧಿ ಸಾಲದೋರು ಕೇಳ್ಲಿ, ಬೈಯದೆ ಧಾರಾಳವಾಗಿ ಕೊಡ್ತಾರೆ ಅನ್ನೋದು ಯಾಕೋಬ 1:5. ಪಾಪ ಒಪ್ಕೊಂಡ್ರೆ ಕ್ಷಮೆ. ಮರಣದಾಚೆ ಜೀವ. ಇವುಗಳ ಪಕ್ಕದಲ್ಲೇ ಯೋಹಾನ 16:33ನ್ನೂ ಬರೀಲೇಬೇಕು, ಲೋಕದಲ್ಲಿ ನಿಮಗೆ ಕಷ್ಟ ಇದೆ ಅಂತ ಯೇಸುನೇ ಹೇಳಿದ್ದು, ಇದೂ ಒಂದು ವಾಗ್ದಾನಾನೇ, ಕಾರ್ಡ್‌ನಲ್ಲಿ ಯಾರೂ ಪ್ರಿಂಟ್ ಮಾಡ್ಸಲ್ಲ.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಎಡಗಡೆ ಇರೋದ್ರಲ್ಲಿ ಮುರಿದಿದ್ದು ಎಷ್ಟು, ಬಲಗಡೆ ಇರೋದ್ರಲ್ಲಿ ಮುರಿದಿದ್ದು ಎಷ್ಟು. ಆ ಹುಡುಗಿಗೆ ಇದನ್ನ ಮಾಡಿದ ಮೇಲೂ ಅಳು ನಿಲ್ಲಲಿಲ್ಲ, ಆದ್ರೆ ದೇವರು ಮೋಸ ಮಾಡಿದ್ರು ಅನ್ನೋ ಮಾತು ನಿಂತೋಯ್ತು. ಕನಸು ಕಳ್ಕೊಂಡ ದುಃಖ ಇರೋದು ಬೇರೆ, ಮೋಸ ಹೋದೆ ಅನ್ನೋ ಕಹಿ ಬೇರೆ. ದುಃಖಕ್ಕೆ ಸಮಯ ಬೇಕು ಅಷ್ಟೆ, ಕಹಿ ಹಾಗಲ್ಲ, ಸುಮ್ನೆ ಬಿಟ್ರೆ ಅದು ಪ್ರಾರ್ಥನೇನೇ ಬಾಯಿಗೆ ಬರದಂಗೆ ಮಾಡ್ಬಿಡತ್ತೆ.

ಜಗಳ ಆಡೋದಿದ್ರೆ ದೇವರ ಎದುರಿಗೇ ಆಡಿ

ನಮ್ಮ ಕಡೆ ಒಂದು ಅಭ್ಯಾಸ ಬಂದ್ಬಿಟ್ಟಿದೆ. ಏನೇ ಆಗ್ಲಿ ಸ್ತೋತ್ರ ಅನ್ಬೇಕು. ಹೇಗಿದೀರಾ ಅಂದ್ರೆ ಸ್ತೋತ್ರ. ಕೆಲ್ಸ ಹೋಯ್ತಂತೆ ಅಂದ್ರೆ ಸ್ತೋತ್ರ. ಒಳಗೆ ಬೆಂಕಿ ಉರೀತಿರತ್ತೆ, ಬಾಯಲ್ಲಿ ಮಾತ್ರ ಇದು. ಎಲ್ಲಾ ಕಾಲದಲ್ಲೂ ದೇವರನ್ನ ಕೊಂಡಾಡ್ಬೇಕು ನಿಜ, ಆದ್ರೆ ಕೀರ್ತನೆಗಳ ಪುಸ್ತಕ ಬರೆದವ್ರು ಹಾಗೆ ಮಾತ್ರ ಮಾಡ್ಲಿಲ್ವಲ್ಲ. 13ನೇ ಕೀರ್ತನೆ ತೆಗೀರಿ, ಎಷ್ಟರ ತನಕ ಮರೆತೇ ಇರ್ತೀಯಾ ಅಂತ ಶುರು, ಎರಡು ವಚನದೊಳಗೆ ನಾಲ್ಕು ಸಲ ಎಷ್ಟರ ತನಕ ಎಷ್ಟರ ತನಕ ಅಂತಾನೇ ಕೇಳ್ತಾನೆ. 88ನೇದು ಇನ್ನೂ ಮುಂದೆ ಹೋಗಿ ಕತ್ತಲೆಯಲ್ಲೇ ಮುಗಿಯತ್ತೆ, ಕೊನೇಲಿ ಒಂದು ಸಮಾಧಾನದ ಸಾಲೂ ಇಲ್ಲ, ಆದ್ರೂ ಅದನ್ನ ದೇವಾಲಯದ ಹಾಡಿನ ಪುಸ್ತಕದಿಂದ ಯಾರೂ ತೆಗೆದು ಹಾಕ್ಲಿಲ್ಲ. ಮಕ್ಕಳು ಆಸ್ತಿ ಎಲ್ಲಾ ಕಳ್ಕೊಂಡ ಯೋಬ ಅಷ್ಟು ಕಿರುಚಾಡಿದ ಮೇಲೂ ಅವ್ನ ಪುಸ್ತಕದ ಕೊನೇ ಅಧ್ಯಾಯದಲ್ಲಿ ದೇವರು ಕೋಪ ಮಾಡ್ಕೊಂಡಿದ್ದು ಯೋಬನ ಮೇಲಲ್ಲ, ದೇವರ ಪರವಾಗಿ ಲಾಯರ್‌ಗಿರಿ ಮಾಡಿದ ಆ ಮೂರು ಜನ ಗೆಳೆಯರ ಮೇಲೆ.

ಮಾಡೋದು ಹೇಗೆ ಅಂದ್ರೆ, ಮನೇಲಿ ಯಾರೂ ಇಲ್ದಿರೋ ಟೈಮ್ ನೋಡ್ಕೊಳ್ಳಿ, ಇಲ್ಲಾ ಬೈಕ್ ತಗೊಂಡು ಊರಾಚೆ ಎಲ್ಲಾದ್ರೂ ಹೋಗಿ, ಕೀರ್ತನೆ 13ನ್ನ ಜೋರಾಗಿ ಓದಿ, ಅದ್ರಲ್ಲಿ ಶತ್ರು ಅಂತ ಇರೋ ಜಾಗದಲ್ಲಿ ನಿಮ್ಮ ಸಮಸ್ಯೆ ಹೆಸ್ರು ಹಾಕಿ. ಆಮೇಲೆ ನಿಮ್ಮ ಮಾತಲ್ಲೇ ಹೇಳಿ. ತುಳು ಬಂದ್ರೆ ತುಳುವಲ್ಲಿ, ಕೊಂಕಣಿ ಬಂದ್ರೆ ಕೊಂಕಣಿಯಲ್ಲಿ, ಕೂಟದಲ್ಲಿ ಮಾಡೋ ಗ್ರಾಂಥಿಕ ಪ್ರಾರ್ಥನೆ ಬೇಡ. ಯಾಕೆ ಹೀಗ್ ಮಾಡಿದ್ರಿ ಅಂತ ಕೇಳಿ. ಬೆನ್ನು ತಿರುಗಿಸಿ ಗೊಣಗೋದಕ್ಕಿಂತ ಮುಖ ನೋಡಿ ಕೇಳೋದ್ರಲ್ಲೇ ನಂಬ್ಕೆ ಜಾಸ್ತಿ ಇರೋದು, ಇದು ನನ್ನ ಅಭಿಪ್ರಾಯ, ಕೆಲವು ಅಯ್ಯನವ್ರು, ಅಂದ್ರೆ ಪಾಸ್ಟರ್‌ಗಳು, ಒಪ್ಪಲ್ಲ.

ಊಟ, ನಿದ್ದೆ, ಮಾತ್ರೆ

ಇದು ಚಿಕ್ಕದು, ಆದ್ರೆ ಬಿಡೋ ಹಾಗಿಲ್ಲ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಒಂದು ಗಿಡದ ಕೆಳಗೆ ಬಿದ್ಕೊಂಡು ಸಾಕಪ್ಪಾ, ಪ್ರಾಣ ತಗೋ ಅಂತಾನೆ. ದೇವದೂತ ಬಂದು ಪ್ರಸಂಗ ಮಾಡಲ್ಲ. ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗ್ತಾನೆ, ಮತ್ತೆ ಎಬ್ಬಿಸಿ ಮತ್ತೆ ಊಟ. ಮಾತುಕತೆ ಎಲ್ಲಾ ಆಮೇಲೆ. ನಿಮಗೆ ವಾರಗಟ್ಟಲೆ ನಿದ್ದೆ ಬರ್ತಿಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅಂದ್ರೆ ಅದನ್ನ ನಂಬ್ಕೆ ಕಮ್ಮಿ ಆಗಿದೆ ಅಂತ ಲೆಕ್ಕ ಹಾಕ್ಬೇಡಿ, ಡಾಕ್ಟರ್ ಹತ್ರ ಹೋಗಿ, ಇಲ್ಲಾ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್ ನಂಬರ್, ಫ್ರೀ, ದಿನದ 24 ಗಂಟೇನೂ ಇರತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ಉಪವಾಸ ಪ್ರಾರ್ಥನೆಗೆ ಅಂತ ಬಿಪಿ ಶುಗರ್ ಮಾತ್ರೆ ನಿಲ್ಸೋದು, ವಾಸಿ ಆಗಿದೀನಿ ಅಂತ ವಿಶ್ವಾಸದಿಂದ ಔಷಧಿ ಬಿಸಾಕೋದು, ಇದೆಲ್ಲಾ ಖಂಡಿತ ಬೇಡ. ಅಪೊಸ್ತಲ ಪೌಲನ ಜೊತೆಲಿದ್ದ ಲೂಕನೇ ವೈದ್ಯ.

ಮುಂದೆ ಯಾವ ಕಡೆ ಹೋಗೋದು ಅಂತ ತೀರ್ಮಾನ ಮಾಡೋ ಬಗೆ

ಇಲ್ಲೇ ಜನ ಜಾಸ್ತಿ ಒದ್ದಾಡೋದು. ಒಂದು ಬಾಗಿಲು ಮುಚ್ತು, ಸರಿ, ಈಗ ದೇವರು ಯಾವ ಕಡೆ ಕರೀತಿದಾರೆ ಅಂತ ಗೊತ್ತಾಗೋದು ಹೇಗೆ. ಇದಕ್ಕೆ ಅಪೊಸ್ತಲರ ಕೃತ್ಯಗಳು 16ನ್ನ ಮ್ಯಾಪ್ ಇಟ್ಕೊಂಡು ಓದಿ, ಬೈಬಲ್ ಹಿಂದೆ ಪೌಲನ ಪ್ರಯಾಣದ ಮ್ಯಾಪ್ ಇರತ್ತಲ್ಲ ಅದೇ ಸಾಕು.

ಪೌಲ, ಸೀಲ, ತಿಮೊಥೆ ಇವ್ರು ಆಸ್ಯ ಸೀಮೆಗೆ, ಅಂದ್ರೆ ಎಫೆಸ ಇರೋ ಕಡೆ, ವಾಕ್ಯ ಹೇಳೋಕೆ ಹೊರಟ್ರು, ಪವಿತ್ರಾತ್ಮ ತಡೆದ್ರು. ಸರಿ ಅಂತ ಉತ್ತರಕ್ಕೆ ಬಿಥೂನ್ಯದ ಕಡೆ ತಿರುಗಿದ್ರು, ಅಲ್ಲೂ ಬಿಡ್ಲಿಲ್ಲ. ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ, ಮಧ್ಯದ ದಾರೀಲಿ ನೂರಾರು ಕಿಲೋಮೀಟರ್ ನಡ್ಕೊಂಡು ಹೋಗಿ ಸಮುದ್ರದ ದಡದಲ್ಲಿ ತ್ರೋವ ಅನ್ನೋ ಊರಲ್ಲಿ ನಿಂತ್ರು. ಇವತ್ತಿನ ಟರ್ಕಿ ಅದು. ಹೇಗೆ ತಡೆದ್ರು ಅಂತ ಈ ಪುಸ್ತಕ ಬರೆದ ಲೂಕ ಹೇಳಿಲ್ಲ. ಕಾಯಿಲೆ ಬಂತಾ, ರಸ್ತೆ ಬಂದ್ ಆಗಿತ್ತಾ, ಪ್ರವಾದನೆ ಆಯ್ತಾ, ಏನೂ ಇಲ್ಲ. ಅಷ್ಟೂ ದೂರ ನಡೀತಿದ್ದಾಗ ಅವ್ರ ಕೈಲಿದ್ದಿದ್ದು ಎರಡು ಬೇಡ ಮಾತ್ರ, ಹೂಂ ಅನ್ನೋದು ಒಂದೂ ಇರ್ಲಿಲ್ಲ. ಹೂಂ ಬಂದಿದ್ದು ತ್ರೋವದಲ್ಲಿ, ರಾತ್ರಿ ದರ್ಶನದಲ್ಲಿ, ಮಕೆದೋನ್ಯದ ಒಬ್ಬ ಮನುಷ್ಯ ನಿಂತು ಬಂದು ನಮಗೆ ಸಹಾಯ ಮಾಡಿ ಅಂತ ಕೇಳ್ಕೊಂಡಾಗ.

ಇದಾದ್ಮೇಲೆ ನಡೆದಿದ್ದು ಇನ್ನೂ ಚೆನ್ನಾಗಿದೆ. ಹೋದ್ರು ಫಿಲಿಪ್ಪಿಗೆ. ಸಹಾಯ ಕೇಳಿದ ಗಂಡಸು ಯಾರೂ ಕಾಣ್ಸಲ್ಲ. ಸಬ್ಬತ್ ದಿನ ಹೊಳೆ ದಂಡೇಲಿ ಕೆಲವು ಹೆಂಗಸ್ರು ಪ್ರಾರ್ಥನೆಗೆ ಕೂತಿದ್ರು, ಅವ್ರಲ್ಲಿ ಲುದ್ಯ ಅಂತ ಒಬ್ಬಾಕೆ, ಧೂಮ್ರವರ್ಣದ ಬಟ್ಟೆ ವ್ಯಾಪಾರ, ಅವ್ಳೇ ಅಲ್ಲಿ ಮೊದ್ಲು ನಂಬಿದ್ದು. ಅವ್ಳ ಊರು ಥುವತೈರ. ಅದೆಲ್ಲಿದೆ ಮ್ಯಾಪಲ್ಲಿ ನೋಡಿ, ಪೌಲನಿಗೆ ಹೋಗ್ಬೇಡ ಅಂದಿದ್ದ ಅದೇ ಆಸ್ಯ ಸೀಮೇಲಿ! ಅದಾಗಿ ಸ್ವಲ್ಪ ದಿನಕ್ಕೆ ಪೌಲ ಸೀಲ ಇಬ್ರಿಗೂ ಬೆತ್ತದ ಏಟು, ಜೈಲು, ಕಾಲಿಗೆ ಕೋಳ. ದರ್ಶನ ನೋಡಿ ಕರೆಕ್ಟಾದ ಊರಿಗೇ ಹೋಗಿದ್ರೂ ಏಟು ತಪ್ಪಲಿಲ್ಲ, ಹಾಗಾಗಿ ಕಷ್ಟ ಬಂತು ಅಂದ ತಕ್ಷಣ ದಾರಿ ತಪ್ಪಿದೆ ಅಂತ ತೀರ್ಮಾನಕ್ಕೆ ಬರೋ ಹಾಗಿಲ್ಲ.

ಮುಚ್ಚಿದ ಬಾಗಿಲುಗಳ ಕಥೆ? ಆಸ್ಯಕ್ಕೆ ಪೌಲ ಆಮೇಲೆ ಹೋದ, ಎಫೆಸದಲ್ಲಿ ಎರಡು ವರ್ಷಕ್ಕೂ ಜಾಸ್ತಿ ಇದ್ದ, 19ನೇ ಅಧ್ಯಾಯದಲ್ಲಿದೆ. ಬಿಥೂನ್ಯಕ್ಕೆ ಅವ್ನು ಹೋದ ಅಂತ ಎಲ್ಲೂ ಇಲ್ಲ. ಆದ್ರೆ ಪೇತ್ರ ತನ್ನ ಮೊದಲ ಪತ್ರ ಬರೆಯುವಾಗ ವಿಳಾಸದಲ್ಲೇ ಬಿಥೂನ್ಯದವ್ರ ಹೆಸರಿದೆ, ಕ್ರಿಸ್ತಶಕ 112ರ ಸುಮಾರಿಗೆ ಅಲ್ಲಿನ ರೋಮನ್ ಗವರ್ನರ್ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಕಾಗದ ಬರೆದು, ಇಲ್ಲಿ ಕ್ರೈಸ್ತರು ಪಟ್ಟಣ ಮಾತ್ರ ಅಲ್ಲ ಹಳ್ಳಿಗಳಲ್ಲೂ ತುಂಬ್ಕೊಂಡಿದಾರೆ ಏನ್ ಮಾಡ್ಲಿ ಅಂತ ಕೇಳ್ತಾನೆ. ಪೌಲನಿಗೆ ಮುಚ್ಚಿದ್ದ ಬಾಗಿಲನ್ನ ಇನ್ಯಾರೋ ತೆಗೆದ್ರು, ಯಾರು ಅಂತ ಹೆಸರೂ ಬೈಬಲ್‌ನಲ್ಲಿಲ್ಲ.

ಇದನ್ನ ನಮ್ಮ ಲೆವೆಲ್‌ಗೆ ತಂದ್ರೆ ಹೀಗೆ. ಸ್ಪಷ್ಟ ದಾರಿ ಕಾಣ್ಲಿಲ್ಲ ಅಂದ್ರೂ ನಡೆಯೋದು ನಿಲ್ಸ್ಬೇಡಿ, ಪೌಲ ಮನೇಲಿ ಕೂತು ದರ್ಶನಕ್ಕೆ ಕಾಯ್ಲಿಲ್ಲ. ಕೆಲ್ಸ ಹೋಗಿದ್ರೆ ಅರ್ಜಿ ಹಾಕ್ತಾ ಇರಿ, ಅದು ಅಪನಂಬ್ಕೆ ಅಲ್ಲ. ತೀರ್ಮಾನ ಒಬ್ರೇ ಮಾಡ್ಬೇಡಿ, ಅಲ್ಲಿ ದರ್ಶನ ನೋಡಿದ್ದು ಪೌಲ ಒಬ್ನೇ ಆದ್ರೂ ಹೋಗ್ಬೇಕು ಅಂತ ನಿಶ್ಚಯ ಮಾಡಿದ್ದು ನಾವು ಅಂತ ಬರೆದಿದೆ, ಎಲ್ರೂ ಕೂತು ಯೋಚಿಸಿದ್ರು ಅಂತಾಯ್ತು. ನೀವೂ ಇಬ್ರನ್ನೋ ಮೂವರನ್ನೋ ಕೇಳಿ, ಅದ್ರಲ್ಲಿ ಒಬ್ರು ನಿಮ್ಮ ಮಾತಿಗೆ ಯಾವಾಗ್ಲೂ ಹೂಂ ಅನ್ನದೇ ಇರೋ ವ್ಯಕ್ತಿ ಆಗಿರ್ಬೇಕು, ಒಬ್ರಿಗೆ ಆ ಫೀಲ್ಡ್ ಗೊತ್ತಿರ್ಬೇಕು. ಸಾಲದ ವಿಷ್ಯ ಪ್ರಾರ್ಥನಾ ಗುಂಪಿನ ಅಕ್ಕನಿಗಿಂತ ಬ್ಯಾಂಕ್‌ನಲ್ಲಿ ಕೆಲ್ಸ ಮಾಡೋ ಸಭೆಯ ಹಿರಿಯರಿಗೆ ಚೆನ್ನಾಗಿ ಗೊತ್ತಿರತ್ತೆ. ಕೊನೇದಾಗಿ, ವಚನಕ್ಕೆ ನೇರವಾಗಿ ವಿರೋಧ ಇರೋ ದಾರಿ ಬಗ್ಗೆ ಪ್ರಾರ್ಥನೆ ಮಾಡೋ ಅವಶ್ಯಕತೇನೇ ಇಲ್ಲ. ಲಂಚ ಕೊಟ್ಟು ಪೋಸ್ಟಿಂಗ್ ತಗೊಳ್ಳೋದಾ ಬೇಡ್ವಾ ಅಂತ ದೇವರ ಚಿತ್ತ ಕೇಳೋರನ್ನ ಕಂಡ್ರೆ ನಗು ಬರತ್ತೆ.

ಎರಡು ದಾರೀನೂ ಒಳ್ಳೇದೇ ಇದ್ರೆ? ಹುಬ್ಬಳ್ಳಿ ಕೆಲ್ಸನಾ ಬೆಂಗಳೂರು ಕೆಲ್ಸನಾ ಅನ್ನೋ ಥರ? ಒಂದನ್ನ ಆರಿಸ್ಕೊಳ್ಳಿ. ಯಾಕೋಬ 4:15ರ ಹಾಗೆ ಕರ್ತನ ಚಿತ್ತ ಇದ್ರೆ ಅಂತ ಹೇಳಿ ಹೊರಡಿ. ತಪ್ಪು ಆರಿಸ್ಬಿಟ್ರೆ ದೇವರ ಪ್ಲಾನೇ ಹಾಳು ಅನ್ನೋ ಭಯ ಬೇಡ, ನಮ್ಮ ಒಂದು ಸೈನ್‌ನಿಂದ ಹಾಳಾಗೋವಷ್ಟು ಸಣ್ಣ ಪ್ಲಾನ್ ಅದಲ್ಲ.

ಪ್ರವಾದನೆ ಹೇಳೋರು ಬಂದಾಗ

ಕಷ್ಟದಲ್ಲಿರೋವ್ರ ಮನೆಗೆ ಇವ್ರು ಬಂದೇ ಬರ್ತಾರೆ. ದೇವರು ನನಗೆ ತೋರಿಸಿದ್ರು ಸಿಸ್ಟರ್, ಮೂರು ತಿಂಗಳಲ್ಲಿ ನಿಮಗೆ ಮಗು ಆಗತ್ತೆ. ಎಲ್ರೂ ಮೋಸಗಾರ್ರು ಅಂತ ನಾನ್ ಹೇಳಲ್ಲ, 1 ಥೆಸಲೋನಿಕ 5ರಲ್ಲಿ ಪ್ರವಾದನೆಗಳನ್ನ ಹೀನೈಸ್ಬೇಡಿ ಅಂತಲೇ ಇದೆ, ಆದ್ರೆ ಮುಂದಿನ ಮಾತೇ ಎಲ್ಲವನ್ನೂ ಪರೀಕ್ಷೆ ಮಾಡಿ ಅಂತ. ಮಾಡೋದು ಇಷ್ಟೇ: ಹೇಳಿದ್ದನ್ನ ತಾರೀಖು ಹಾಕಿ ಬರೆದಿಟ್ಕೊಳ್ಳಿ, ಹೇಳಿದವ್ರ ಎದುರಿಗೇ ಬರೀರಿ. ಅರ್ಧ ಜನ ಅಲ್ಲೇ ದನಿ ತಗ್ಗಿಸ್ತಾರೆ. ಅದನ್ನ ನಂಬ್ಕೊಂಡು ಕೆಲ್ಸ ಬಿಡೋದು, ಟ್ರೀಟ್‌ಮೆಂಟ್ ನಿಲ್ಸೋದು, ಸೈಟ್ ಮಾರೋದು ಮಾಡ್ಬೇಡಿ. ಮತ್ತೆ ಬೀಜ ಬಿತ್ತನೆ ಕಾಣಿಕೆ ಅಂತ ದುಡ್ಡು ಕೇಳಿದ್ರೆ, ಇಷ್ಟು ಕೊಟ್ರೆ ಇಷ್ಟು ಪಟ್ಟು ವಾಪಸ್ ಅಂದ್ರೆ, ಕಾಫಿ ಕೊಟ್ಟು ಕಳ್ಸಿ. ಸಾಲ ಮಾಡಿ ಕಾಣಿಕೆ ಕೊಟ್ಟು ಆಮೇಲೆ ಮೈಕ್ರೋಫೈನಾನ್ಸ್‌ನವ್ರು ಬಾಗಿಲಿಗೆ ಬಂದಿರೋ ಮನೆಗಳು ನನಗೆ ಗೊತ್ತು.

ಯಾಕೆ ಅನ್ನೋದಕ್ಕೆ ಬೇಗ ಉತ್ತರ ಹುಡುಕ್ಬೇಡಿ

ಅಣ್ಣಂದಿರೇ ಗುಂಡಿಗೆ ಹಾಕಿ ಮಾರಿಬಿಟ್ಟ ಯೋಸೇಫನ ಕಥೆ ಎಲ್ರಿಗೂ ಗೊತ್ತು, ನೀವು ಕೇಡು ಮಾಡ್ಬೇಕು ಅಂತಿದ್ರಿ ದೇವರು ಅದನ್ನೇ ಒಳ್ಳೇದಕ್ಕೆ ತಿರುಗಿಸಿದ್ರು ಅಂತ ಅಣ್ಣಂದಿರಿಗೆ ಹೇಳ್ತಾನಲ್ಲ. ಆ ಮಾತು ಹೇಳಿದಾಗ ಅವ್ನ ವಯಸ್ಸೆಷ್ಟು ಲೆಕ್ಕ ಹಾಕಿದೀರಾ? ಕಥೆ ಶುರು ಆಗುವಾಗ 17. ಐಗುಪ್ತದ, ಅಂದ್ರೆ ಈಜಿಪ್ಟಿನ, ಅರಸ ಫರೋಹನ ಎದುರು ನಿಂತಾಗ 30. ಏಳು ವರ್ಷ ಸುಭಿಕ್ಷ, ಎರಡು ವರ್ಷ ಬರ, ಅಪ್ಪ ಐಗುಪ್ತಕ್ಕೆ ಬಂದಾಗ ಸುಮಾರು 39. ಅಪ್ಪ ಅಲ್ಲಿ 17 ವರ್ಷ ಬದುಕಿ ತೀರ್ಕೊಂಡ ಮೇಲೆ ಈ ಮಾತು ಬರೋದು, ಅಂದ್ರೆ 56ರ ಹತ್ರ. ಇದೇ ಅರ್ಥದ ಮಾತು ಆದಿಕಾಂಡ 45ನೇ ಅಧ್ಯಾಯದಲ್ಲೂ ಒಂದ್ಸಲ ಬರತ್ತೆ, ಆಗ್ಲೂ 39. ಗುಂಡಿಯೊಳಗೆ ಬಿದ್ದಿದ್ದಾಗ 17ರ ಹುಡುಗ ಇದನ್ನ ಹೇಳ್ಲಿಲ್ಲ. ಅಲ್ಲಿ ಅವ್ನು ಬೇಡ್ಕೊಂಡ, ಅಣ್ಣಂದಿರು ಕಿವಿಗೆ ಹಾಕ್ಕೊಳ್ಲಿಲ್ಲ ಅಂತ 42ನೇ ಅಧ್ಯಾಯದಲ್ಲಿ ಅವ್ರೇ ಒಪ್ಕೋತಾರೆ. ಜೈಲಲ್ಲಿದ್ದಾಗ ಪಾನದಾಯಕನಿಗೆ ನಾನೇನೂ ತಪ್ಪು ಮಾಡಿಲ್ಲ, ಫರೋಹನಿಗೆ ನನ್ನ ವಿಷ್ಯ ಹೇಳಪ್ಪಾ ಅಂತ ಕೇಳ್ಕೊಂಡ, ಆ ಪುಣ್ಯಾತ್ಮ ಎರಡು ವರ್ಷ ಮರೆತೇ ಬಿಟ್ಟ.

ಹಾಗಾಗಿ ನಿನ್ನೆ ಆಗಿದ್ದಕ್ಕೆ ಇವತ್ತೇ ಅರ್ಥ ಹುಡುಕೋ ಕೆಲ್ಸ ಬಿಟ್ಬಿಡಿ. ನಿಮಗೆ ಅರ್ಥ ಗೊತ್ತಾಗ್ಲಿಲ್ಲ ಅಂದ್ರೆ ನಂಬ್ಕೆ ಇಲ್ಲ ಅಂತಲ್ಲ.

ನಮ್ಮ ಕನ್ನಡ ಬೈಬಲ್‌ಗೇ ಸಂಬಂಧಪಟ್ಟ ಒಂದು ಘಟನೆ ಇದೆ. 1812ರ ಮಾರ್ಚ್ 11ರ ಸಂಜೆ ಬಂಗಾಳದ ಸೆರಾಂಪುರದಲ್ಲಿ, ಬೈಬಲ್ ಅನುವಾದ ಮಾಡ್ತಿದ್ದ ಮಿಷನರಿ ವಿಲಿಯಂ ಕೇರಿಯವ್ರ ಪ್ರೆಸ್‌ಗೆ ಬೆಂಕಿ ಬಿತ್ತು. ಕಾಗದ, ಅಚ್ಚಿನ ಮೊಳೆಗಳು, ವರ್ಷಗಟ್ಟಲೆ ಕೂತು ಬರೆದ ಹಸ್ತಪ್ರತಿಗಳು ಸುಟ್ಟೋದ್ವು, ಅದ್ರಲ್ಲಿ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತೀನೂ ಇತ್ತು. ಕೇರಿ ಆವತ್ತು ಕಲ್ಕತ್ತಾದಲ್ಲಿದ್ರು, ಮಾರನೇ ದಿನ ಬೆಳಗ್ಗೆ ಜೊತೆಗಾರ ಮಾರ್ಶ್‌ಮನ್ ಹೋಗಿ ವಿಷ್ಯ ತಿಳಿಸಿದ್ರು. ಬೂದಿ ಕೆದಕಿದಾಗ ಅಕ್ಷರ ಎರಕ ಹೊಯ್ಯೋಕೆ ಬೇಕಾದ ಉಕ್ಕಿನ ಅಚ್ಚುಗಳು ಉಳಿದಿದ್ದು ಸಿಕ್ತು, ಕೆಲವೇ ವಾರದಲ್ಲಿ ಮತ್ತೆ ಪ್ರಿಂಟಿಂಗ್ ಶುರು ಮಾಡಿದ್ರು. ಇಂಗ್ಲೆಂಡಲ್ಲಿ ಸುದ್ದಿ ಹರಡಿ ಸಹಾಯದ ಹಣ ಬಂತು, ಕೆಲ್ಸದ ಹೆಸರೂ ಬೆಳೀತು, ಅದನ್ನೇ ಹಿಡ್ಕೊಂಡು ಬೆಂಕಿ ಬಿದ್ದಿದ್ದೇ ಆಶೀರ್ವಾದ ಅಂತ ಪ್ರಸಂಗ ಮಾಡೋರಿದಾರೆ. ನನಗೆ ಅದು ಇಷ್ಟ ಆಗಲ್ಲ. ಸುಟ್ಟೋಗಿದ್ದು ಸುಟ್ಟೋಯ್ತು, ಅದು ನಷ್ಟಾನೇ. ಕೇರಿ ಮಾಡಿದ್ದು ಕೂತು ಮತ್ತೆ ಬರೆಯೋಕೆ ಶುರು ಮಾಡಿದ್ದು, ಆ ಕಡೆ ಬಳ್ಳಾರಿಯಲ್ಲಿ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಕೂಡ ಅದೇ ಕೆಲ್ಸದಲ್ಲಿದ್ರು, 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿ ಬಂತು. ಬೆಂಕಿ ಯಾಕೆ ಬಿತ್ತು ಅಂತ ಉತ್ತರ ಸಿಗೋ ತನಕ ಇವ್ರು ಯಾರಾದ್ರೂ ಕಾದಿದ್ರೆ ನಮ್ಮ ಕೈಗೆ ಪುಸ್ತಕ ಯಾವಾಗ ಬರ್ತಿತ್ತೋ.

ಸರಿ ಹೋಗದೇ ಇರೋ ವಿಷಯಗಳು

ಇದನ್ನ ಹೇಳ್ದೆ ಬಿಟ್ರೆ ಮೇಲಿಂದೆಲ್ಲಾ ಸುಳ್ಳಾಗತ್ತೆ. ಕೆಲವು ಸಲ ಬೇರೆ ಬಾಗಿಲು ತೆಗೆಯಲ್ಲ. ಮಗು ಆಗಲ್ಲ. ಸತ್ತೋರು ವಾಪಸ್ ಬರಲ್ಲ. ಪೌಲ ತನ್ನ ದೇಹದಲ್ಲಿದ್ದ ಮುಳ್ಳು ತೆಗೀರಿ ಅಂತ ಮೂರು ಸಲ ಬೇಡ್ಕೊಂಡ, ಸಿಕ್ಕಿದ್ದು ನನ್ನ ಕೃಪೆಯೇ ನಿನಗೆ ಸಾಕು ಅನ್ನೋ ಉತ್ತರ, ಮುಳ್ಳು ಅಲ್ಲೇ ಇತ್ತು. ಶಿಲುಬೆಗೆ ಹಾಕೋ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ ಈ ಪಾತ್ರೆ, ಅಂದ್ರೆ ಈ ಸಂಕಟ, ದಾಟಿ ಹೋಗ್ಲಿ ಅಂತ ಕೇಳಿದ್ರು, ಹೋಗ್ಲಿಲ್ಲ. ಇಬ್ರಿಯ 11ರಲ್ಲಿ ನಂಬ್ಕೆಯ ದೊಡ್ಡ ಪಟ್ಟಿ ಕೊಟ್ಟು ಕೊನೇಲಿ ಇವ್ರು ಯಾರೂ ವಾಗ್ದಾನದ ಫಲ ಹೊಂದ್ಲಿಲ್ಲ ಅಂತ ಬರೆದಿದೆ. ಕ್ರೈಸ್ತರ ನಿರೀಕ್ಷೆ ಈ ಜನ್ಮದಲ್ಲೇ ಎಲ್ಲಾ ಲೆಕ್ಕ ಚುಕ್ತಾ ಆಗತ್ತೆ ಅನ್ನೋದ್ರ ಮೇಲಿಲ್ಲ, ಶಿಲುಬೆಗೆ ಹೋದವ್ರು ಮೂರನೇ ದಿನ ಎದ್ದು ಬಂದ್ರು ಅನ್ನೋದ್ರ ಮೇಲಿದೆ. ಮಗು ಕಳ್ಕೊಂಡ ತಾಯಿಗೆ ಹೇಳೋಕೆ ನನ್ನ ಹತ್ರ ಇರೋದು ಇದೊಂದೇ, ಅದನ್ನೂ ಮೊದಲ ವರ್ಷದಲ್ಲಿ ಹೇಳಲ್ಲ, ಹೋಗಿ ಪಕ್ಕದಲ್ಲಿ ಕೂರ್ತೀನಿ, ಅಡುಗೆ ಮನೇಲಿ ಪಾತ್ರೆ ಇದ್ರೆ ತೊಳೀತೀನಿ.

ನೀವೂ ಇಂಥ ಮನೆಗೆ ಹೋಗೋದಿದ್ರೆ, ಎಲ್ಲಾ ದೇವರ ಚಿತ್ತ ಅನ್ನೋ ವಾಕ್ಯಾನ ಬಾಗಿಲಾಚೆ ಬಿಟ್ಟು ಹೋಗಿ. ಟಿಫಿನ್ ಕ್ಯಾರಿಯರ್ ತಗೊಂಡು ಹೋಗಿ. ಆಸ್ಪತ್ರೆಗೆ ಡ್ರಾಪ್ ಬೇಕಾ, ಮಗೂನ ಟ್ಯೂಷನ್ನಿಂದ ಕರ್ಕೊಂಡ್ಬರ್ಲಾ ಅಂತ ಕೇಳಿ. ಏನಾದ್ರೂ ಬೇಕಿದ್ರೆ ಹೇಳಿ ಅಂದ್ರೆ ಯಾರೂ ಹೇಳಲ್ಲ.

ಇನ್ನು ಸಭೆಗೆ ಹೋಗೋ ಮನಸ್ಸೇ ಇಲ್ಲ ಅನ್ನೋವ್ರಿಗೆ

ಅರ್ಥ ಆಗತ್ತೆ. ಎಲ್ರೂ ಕೇಳ್ತಾರೆ, ಏನಾಯ್ತು ಮಗಳ ಮದ್ವೆ, ಏನಾಯ್ತು ವೀಸಾ. ಆದ್ರೂ ಪೂರ್ತಿ ಬಿಡ್ಬೇಡಿ, ಯಾಕಂದ್ರೆ ನಿಮ್ಮ ಬಾಯಿಗೆ ಪ್ರಾರ್ಥನೆ ಬರದೇ ಇದ್ದಾಗ ಪಕ್ಕದಲ್ಲಿರೋವ್ರು ಮಾಡೋ ಪ್ರಾರ್ಥನೆ ಒಳಗೆ ಕೂತ್ಕೋಬಹುದು, ಹಾಡೋಕಾಗ್ದಿದ್ರೆ ಹಾಡು ಕೇಳ್ಬಹುದು. ಆರಾಧನೆ ಶುರು ಆದ ಮೇಲೆ ಹೋಗಿ ಹಿಂದಿನ ಬೆಂಚಲ್ಲಿ ಕೂತು ಆಶೀರ್ವಾದ ಆದ ತಕ್ಷಣ ಎದ್ದು ಬನ್ನಿ, ಯಾರೂ ಬೇಜಾರ್ ಮಾಡ್ಕೊಳ್ಳಲ್ಲ, ಮಾಡ್ಕೊಂಡ್ರೆ ಮಾಡ್ಕೊಳ್ಲಿ. ಶನಿವಾರವೇ ಅಯ್ಯನವ್ರಿಗೆ ಒಂದು ಫೋನ್ ಮಾಡಿ, ಅಯ್ಯನವ್ರೇ, ನಾಳೆ ಬರ್ತೀನಿ, ಆದ್ರೆ ಸಾಕ್ಷಿ ಹೇಳೋಕೆ ಕರೀಬೇಡಿ, ಪ್ರಾರ್ಥನಾ ವಿಜ್ಞಾಪನೇಲಿ ನನ್ನ ಹೆಸರು ಹೇಳ್ಬೇಡಿ, ನನಗೋಸ್ಕರ ಮನೇಲಿ ಪ್ರಾರ್ಥನೆ ಮಾಡಿ ಅಂತ ಹೇಳ್ಬಿಡಿ. ಒಳ್ಳೇ ಅಯ್ಯನವ್ರು ಯಾಕೆ ಅಂತ ಕೇಳಲ್ಲ, ಸರಿ ಅಂತ ಫೋನ್ ಇಡ್ತಾರೆ, ಆಮೇಲೆ ವಾರದ ಮಧ್ಯೆ ಒಂದಿನ ಮನೆಗೆ ಬಂದು ಟೀ ಕುಡ್ಕೊಂಡು ಹೋಗ್ತಾರೆ.